ಮುಂಬಯಿಗೆ ಹೋದವರು ಎಲ್ಲಿ ಉಣ್ಣಬೇಕು?

ಪರಸ್ಥಳಕ್ಕೆ ಪ್ರಯಾಣ ಮಾಡುವವರು ಹೊರಡುವುದಕ್ಕೆ ಮೊದಲು ಅನೇಕ ವಿಷಯಗಳನ್ನು ವಿಚಾರಿಸಿಕೊಳ್ಳುತ್ತಾರೆ. ರೈಲು ಎಷ್ಟು ಘಂಟೆಗೆ ಮುಟ್ಟುತ್ತದೆ, ಇಳಿದುಕೊಳ್ಳುವುದಕ್ಕೆ ಬಿಡಾರ ಎಲ್ಲಿ, ನೋಡತಕ್ಕ ಸ್ಥಳಗಳು ಯಾವುವು, ಅಲ್ಲಿನ ಹವ ಹೇಗೆ ಎಂಬುದನ್ನೆಲ್ಲ ಬಲ್ಲವರಿಂದ ಕೇಳಿ ತಿಳಿಯುತ್ತಾರೆ. ಊಟದ ವಿಷಯವನ್ನು ಮಾತ್ರ “ಎಲ್ಲಿಯಾದರೂ ಒಂದು ಕಡೆ ಆದೀತು” ಎಂದು ದೈವಕ್ಕೆ ಬಿಟ್ಟುಬಿಡುತ್ತಾರೆ. ನಾಲ್ಕು ದಿನದ ಪ್ರಯಾಣದಲ್ಲಿ ವಸ್ತುಸಂಗ್ರಹಾಲಯವನ್ನು ನೋಡುವುದು ಒಂದು ಸಲ, ಸಮುದ್ರತೀರದಲ್ಲಿ ಅಡ್ಡಾಡುವುದು ಎರಡು ಸಲ. ಉಣ್ಣುವುದಾದರೋ ದಿನಕ್ಕೆ ಎರಡು ಸಲ. ಕಾಫಿ ತಿಂಡಿಗಳನ್ನೂ ಲೆಕ್ಕಕ್ಕೆ ಹಿಡಿದರೆ ನಾಲ್ಕು ಸಲ. ಊಟ ಕೆಟ್ಟರೆ ನೋಟವೂ ಕೆಡುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಮನೆಯಲ್ಲಿ ಕುಳಿತಿರುವವನಿಗಿಂತ ಹೆಚ್ಚಾಗಿ ಪ್ರಯಾಣಿಕನೇ ನೆನಪಿನಲ್ಲಿಡಬೇಕು.

ಮುಂಬಯಿಯಂಥ ಮಹಾನಗರದಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಅಲ್ಲಿ ಊಟದ ಮನೆಗಳಿಗೆ ಕೊರತೆಯಿಲ್ಲ. ಇರುವ ತೊಂದರೆಯೆಲ್ಲ ಅವುಗಳ ಹೇರಳತೆಯಿಂದಲೇ ಬಂದದ್ದು. ಹೊಸಬನು ಸಾಮಾನ್ಯವಾಗಿ ಮೂರು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾನೆ. ದಣಿದು ಬಂದವನು ರೈಲ್ವೆ ಸ್ಟೇಷನ್ನಿನ ಹೊರಗೆ ಮೊದಲು ಕಂಡ ಬಾಗಿಲನ್ನು ಹೊಗುತ್ತಾನೆ. ಕೈಯಲ್ಲಿ ಹಣವಿದ್ದವನು ದೀಪಗಳು ಹೆಚ್ಚಾಗಿ ಹೊಳೆಯುವ ಕಡೆಗೆ ನಡೆಯುತ್ತಾನೆ. ಈ ಕಾಲದ ಜಾಣನು ಮೊಬೈಲು ಫೋನನ್ನು ತೆಗೆದು, ಯಾವ ಹೋಟಲಿಗೆ ಜನರು ಎಷ್ಟು ನಕ್ಷತ್ರಗಳನ್ನು ಕೊಟ್ಟಿದ್ದಾರೆಂದು ಎಣಿಸುತ್ತಾನೆ. ಈ ಮೂರನೆಯ ಉಪಾಯ ಮೊದಲಿನ ಎರಡಕ್ಕಿಂತ ಮೇಲೆಂಬುದನ್ನು ಒಪ್ಪಬಹುದು. ಆದರೆ ಎಷ್ಟು ಮಂದಿ ಮೆಚ್ಚಿದರು ಎಂಬುದನ್ನು ನಕ್ಷತ್ರಗಳು ಹೇಳುತ್ತವೆಯೇ ಹೊರತು, ಮೆಚ್ಚಿದವರು ಯಾರು ಎಂಬುದನ್ನು ಹೇಳುವುದಿಲ್ಲ. ನಮ್ಮಂತೆಯೇ ಒಂದು ದಿನದ ಮಟ್ಟಿಗೆ ಬಂದುಹೋದ ಸಾವಿರ ಮಂದಿಯ ಮೆಚ್ಚುಗೆಗಿಂತ, ಅದೇ ಬೀದಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ಪ್ರತಿದಿನವೂ ಅದೇ ಬೆಂಚಿನ ಮೇಲೆ ಕುಳಿತು ಉಣ್ಣುವ ಒಬ್ಬ ಗುಮಾಸ್ತನ ಮೌನವೇ ಹೆಚ್ಚಿನ ಪ್ರಮಾಣಪತ್ರ.

ಆದುದರಿಂದ ಹೋಟಲಿನ ಬಾಗಿಲಲ್ಲಿ ನಿಂತಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ, ಇಲ್ಲಿ ಏನು ಸಿಕ್ಕುತ್ತದೆ ಎಂಬುದಲ್ಲ; ಈ ಒಲೆಯನ್ನು ಯಾರಿಗಾಗಿ ಹೊತ್ತಿಸಿದರು ಎಂಬುದು. ದಾರಿಹೋಕರಿಗಾಗಿ ಹೊತ್ತಿಸಿದ ಒಲೆಗೆ ಒಂದು ಸ್ವಾತಂತ್ರ್ಯವಿದೆ: ಇಂದು ಬಂದವನು ನಾಳೆ ಬರುವುದಿಲ್ಲ, ಅವನಿಗೆ ಅತೃಪ್ತಿಯಾದರೂ ಯಜಮಾನನಿಗೆ ನಷ್ಟವಿಲ್ಲ. ವರ್ತನೆಯವರಿಗಾಗಿ, ಎಂದರೆ ತಿಂಗಳಿಗಿಷ್ಟು ಎಂದು ಗೊತ್ತುಮಾಡಿಕೊಂಡು ದಿನವೂ ಬಂದು ಉಣ್ಣುವವರಿಗಾಗಿ ಹೊತ್ತಿಸಿದ ಒಲೆಗೆ ಈ ಸ್ವಾತಂತ್ರ್ಯವಿಲ್ಲ. ಸಾರು ನೀರಾದರೆ ಅಂದೇ ನಾಲ್ವರು ಕೇಳುತ್ತಾರೆ. ಎಣ್ಣೆ ಕೆಟ್ಟರೆ ಮರುದಿನ ಹತ್ತು ಎಲೆ ಕಡಮೆಯಾಗುತ್ತವೆ. ದಿನವೂ ಇಷ್ಟೇ ಮಂದಿ ಬರುವರೆಂದು ತಿಳಿದಿರುವುದರಿಂದ ಅಳತೆಗೆ ಸರಿಯಾಗಿ ಬೇಯಿಸುತ್ತಾರೆ, ಹಳಸು ಉಳಿಯುವುದಿಲ್ಲ. ಬೆಲೆಯೂ ಆ ಉದ್ಯೋಗಸ್ಥರ ಸಂಬಳವನ್ನು ನೋಡಿಕೊಂಡೇ ನಿಂತಿರುತ್ತದೆ. ರುಚಿ, ಶುಚಿ, ಮಿತವ್ಯಯ ಮೂರೂ ಒಂದೇ ಕಾರಣದಿಂದ ಹುಟ್ಟುವುವು. ಅತಿಥಿಯಾದವನು ಮಾಡಬೇಕಾದ ಕೆಲಸ, ಆ ವರ್ತನೆಯವರ ಪಂಕ್ತಿಯನ್ನು ಹುಡುಕಿ ಅದರ ತುದಿಯಲ್ಲಿ ತಾನೂ ಒಂದು ಎಲೆ ಹಾಕಿಸಿಕೊಳ್ಳುವುದು, ಅಷ್ಟೆ.

ಈ ಸೂತ್ರಕ್ಕೆ ಮುಂಬಯಿಯಷ್ಟು ಒಳ್ಳೆಯ ನಿದರ್ಶನ ಬೇರೊಂದಿಲ್ಲ. ಏಕೆಂದರೆ ಆ ನಗರ ಬೆಳೆದದ್ದೇ ಅಡಿಗೆಮನೆಯಿಲ್ಲದ ಗಂಡಸರಿಂದ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತು; 1854ರಲ್ಲಿ ಅಲ್ಲಿನ ಮೊದಲನೆಯ ಹತ್ತಿಯ ಗಿರಣಿಯ ಸ್ಥಾಪನೆಯಾಯಿತು. ರತ್ನಾಗಿರಿ, ಸಾತಾರಾ ಮೊದಲಾದ ಪ್ರಾಂತಗಳಿಂದ ಜನರು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಕೆಲಸಕ್ಕೆ ಬಂದರು. ಒಂದು ಚಾಳಿನ ಒಂದು ಕೋಣೆಯಲ್ಲಿ ಹಲವರು ಸರದಿಯ ಮೇಲೆ ಮಲಗುತ್ತಿದ್ದರು. ರಾತ್ರಿಯ ಪಾಳಿಯವನು ಏಳುವ ಹೊತ್ತಿಗೆ ಹಗಲ ಪಾಳಿಯವನಿಗೆ ಹಾಸಿಗೆ. ಇಂಥವರಿಗೆ ಒಲೆ ಹೂಡಲು ಜಾಗವೆಲ್ಲಿ? ನಮ್ಮ ಮೈಸೂರು ಬೆಂಗಳೂರುಗಳಲ್ಲಿ ಬಡ ವಿದ್ಯಾರ್ಥಿಗಳು ಹಿಂದೆ ವಾರಾನ್ನ ಉಂಡು ಓದಿದರು. ದಿನಕ್ಕೊಂದು ಮನೆ ಅವರಿಗೆ ಅನ್ನವಿಕ್ಕಿತು. ಮುಂಬಯಿಯ ಕಾರ್ಮಿಕನಿಗೆ ಅಂಥ ಮನೆಗಳಿರಲಿಲ್ಲ. ಅವನಿಗಾಗಿ ಖಾನಾವಳಿ ಹುಟ್ಟಿತು. ಗಿರಣಗಾಂವ್ ಎಂದು ಹೆಸರಾದ ಪರೇಲ್, ಲಾಲ್‌ಬಾಗ್ ಪ್ರದೇಶಗಳಲ್ಲಿ ಅನೇಕ ಹೆಂಗಸರು ತಮ್ಮ ಒಂದೇ ಕೋಣೆಯ ಮನೆಯಲ್ಲಿ ಹತ್ತು ಹದಿನೈದು ಮಂದಿಗೆ ಭಕ್ಕರಿ, ಕಾಳಿನ ಉಸಲು, ಮೀನಿನ ಸಾರು ಬೇಯಿಸಿ ಹಾಕುತ್ತಿದ್ದರು. ಕೂಲಿ ಬಂದಾಗ ಹಣ, ಅಲ್ಲಿಯವರೆಗೆ ಸಾಲ. ಈ ಹೆಂಗಸರು ದಿನಸಿ ತರಲು ಬಡ್ಡಿಗೆ ಸಾಲಮಾಡಿ ಕುಗ್ಗುತ್ತಿದ್ದುದನ್ನು ಕಂಡು, ಪ್ರೇಮಾ ಪುರಾವ್ ಎಂಬವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲವನ್ನು ಸ್ಥಾಪಿಸಿ, ಅವರಿಗೆ ಬ್ಯಾಂಕಿನ ಸಾಲ ದೊರೆಯುವಂತೆ ಮಾಡಿದರು. ಕಾಣದ ಈ ಕೈಗಳೇ ಮುಂಬಯಿಯ ನೂಲಿನ ಹಿಂದಿದ್ದ ಅನ್ನ.

ಮನೆಯಿದ್ದವರಿಗೆ ಬೇರೆ ಏರ್ಪಾಡು ಬಂದಿತು. 1890ರ ಸುಮಾರಿಗೆ ಮಹಾದೇವ ಹಾವಜಿ ಬಚ್ಚೆ ಎಂಬುವರು ಆರಂಭಿಸಿದ ಡಬ್ಬಾವಾಲರ ವ್ಯವಸ್ಥೆಯಿಂದ ಮನೆಯ ಅಡಿಗೆಯೇ ಆಫೀಸಿಗೆ ಬರತೊಡಗಿತು. ಬಿಳಿಯ ಟೋಪಿಯ ಈ ಜನ ಮಧ್ಯಾಹ್ನಕ್ಕೆ ಮುಂಚೆ ಚರ್ಚ್‌ಗೇಟ್ ಸ್ಟೇಷನ್ನಿನ ಹೊರಗೆ ಡಬ್ಬಿಗಳನ್ನು ವಿಂಗಡಿಸುವುದನ್ನು ನೋಡಲು ಪ್ರವಾಸಿಗಳು ನಿಲ್ಲುವುದುಂಟು. ಆದರೆ ಆ ಡಬ್ಬಿಯ ಊಟ ನಮಗೆ ದೊರೆಯತಕ್ಕದ್ದಲ್ಲ. ಡಬ್ಬಿ ಬಾರದವರು ಎಲ್ಲಿ ಉಣ್ಣುತ್ತಾರೆ ಎಂಬುದೇ ನಮಗೆ ಪ್ರಕೃತ ವಿಷಯ. ಹೀಗೆ ಯೋಚಿಸುತ್ತ ಹೋದರೆ, ನಗರದ ಒಂದೊಂದು ಪೇಟೆಯೂ ತನ್ನದೇ ಆದ ಒಲೆಯನ್ನು ತೋರಿಸುತ್ತದೆ.

ಮೊದಲು ಧೋಬಿ ತಲಾವ್, ಕೋಟೆ ಪ್ರದೇಶಗಳನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೂ ಇರಾನಿನ ಯಜ್ದ್, ಕೆರ್ಮಾನ್ ಕಡೆಗಳಿಂದ ಬಂದ ಜರತುಷ್ಟ್ರ ಮತದವರು ಇಲ್ಲಿ ಚಹದ ಅಂಗಡಿಗಳನ್ನಿಟ್ಟರು. ಮೂಲೆಯ ಅಂಗಡಿ ಅಶುಭವೆಂದು ಇತರ ವರ್ತಕರು ಬಿಟ್ಟ ಸ್ಥಳಗಳು ಇವರಿಗೆ ಅಗ್ಗವಾಗಿ ದೊರೆತವು ಎಂದು ಹೇಳುವ ವಾಡಿಕೆಯಿದೆ. ಎರಡು ಬೀದಿಗಳಿಗೆ ಬಾಗಿಲು ತೆರೆದ ಆ ಮೂಲೆಗಳು ವ್ಯಾಪಾರಕ್ಕೆ ಶುಭವೇ ಆದವು. ಕಲ್ಲಿನ ಮೇಜು, ಬಗ್ಗಿಸಿದ ಮರದ ಕುರ್ಚಿ, ಗೋಡೆಯ ಮೇಲೆ ಕನ್ನಡಿ, ಗಾಜಿನ ಕಪಾಟಿನಲ್ಲಿ ಬಿಸ್ಕತ್ತು. ಒಂದು ಬಟ್ಟಲು ಗಟ್ಟಿ ಚಹ, ಗರಿಗರಿಯಾದ ಬ್ರುನ್ ರೊಟ್ಟಿಗೆ ಬೆಣ್ಣೆ. ಇಷ್ಟನ್ನು ಮುಂದಿಟ್ಟುಕೊಂಡು ಗುಮಾಸ್ತನೂ ವಿದ್ಯಾರ್ಥಿಯೂ ಬಂಡಿಯವನೂ ಒಂದೇ ಛಾವಣಿಯ ಕೆಳಗೆ ಕೂರಬಹುದಾಗಿತ್ತು. ಧೋಬಿ ತಲಾವಿನ ಕಯಾನಿ ಎಂಬ ಅಂಗಡಿ 1904ರದು. ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ 1923ರದು. ಅದು ಹುಳಿ ಹಣ್ಣುಗಳನ್ನುದುರಿಸಿದ ಪುಲಾವಿಗೆ ಪ್ರಸಿದ್ಧ. ಈ ಬ್ರಿಟಾನಿಯಾ ಬಹುಕಾಲ ಮಧ್ಯಾಹ್ನದ ಊಟಕ್ಕೆ ಮಾತ್ರ ಬಾಗಿಲು ತೆರೆಯುತ್ತ ಬಂದದ್ದು ಗಮನಿಸತಕ್ಕ ಸಂಗತಿ. ಸುತ್ತಲಿನದು ಆಫೀಸುಗಳ ಪೇಟೆ. ಸಂಜೆ ಆಫೀಸು ಮುಚ್ಚಿದರೆ ಉಣ್ಣುವವರಿಲ್ಲ. ಒಲೆ ಯಾರದೆಂಬುದನ್ನು ಬಾಗಿಲು ತೆರೆಯುವ ಹೊತ್ತೇ ಹೇಳುತ್ತದೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಎಲ್ಲಿ ಉಣ್ಣಬೇಕೆಂದು ಆರಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಇರಲಿಲ್ಲ. ಇಂಥ ಜಾತಿಯವರಿಗೆ ಮಾತ್ರ ಎಂಬ ಹಲಗೆಗಳು ನಮ್ಮ ಊರುಗಳ ಹೋಟಲುಗಳಲ್ಲಿ ತೂಗಿದ್ದವು. ಕೆಲವೆಡೆ ಒಳಗಿನ ಪಂಕ್ತಿ ಕೆಲವರಿಗೆ, ಹೊರಗಿನ ಜಗಲಿ ಉಳಿದವರಿಗೆ. ಕೆಲವರಿಗೆ ಬೇರೆಯ ಲೋಟ. ಕೆಲವರಿಗೆ ಬಾಗಿಲೇ ಇಲ್ಲ. ಹೆಂಗಸರು ಒಂಟಿಯಾಗಿ ಹೋಟಲಿಗೆ ಹೋಗುವುದಂತೂ ಮಾತಾಡುವ ವಿಷಯವಾಗಿತ್ತು. ಇರಾನಿ ಅಂಗಡಿಗಳಲ್ಲಿ ಸಂಸಾರಸ್ಥರಿಗೆಂದು ಮರೆ ಕಟ್ಟಿದ ಕೋಣೆಗಳಿದ್ದುದು ಇದರಿಂದಲೇ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ಅನುಚ್ಛೇದವು, ಜಾತಿ ಮತ ಲಿಂಗ ಜನ್ಮಸ್ಥಳಗಳ ಕಾರಣದಿಂದ ಯಾರಿಗೂ ಪ್ರವೇಶವನ್ನು ತಡೆಯಬಾರದ ಸ್ಥಳಗಳನ್ನು ಹೇಳುವಾಗ, ಅಂಗಡಿಗಳನ್ನೂ ಸಾರ್ವಜನಿಕ ಭೋಜನಶಾಲೆಗಳನ್ನೂ ಹೋಟಲುಗಳನ್ನೂ ಹೆಸರಿಟ್ಟು ಹೇಳಿದೆ. ಒಂದು ರಾಷ್ಟ್ರದ ಮೂಲಶಾಸನದಲ್ಲಿ ಹೋಟಲಿನ ಹೆಸರು ಬರಬೇಕಾಯಿತೆಂದರೆ, ಅದರ ಹಿಂದಿನ ಅವಮಾನ ಎಷ್ಟಿರಬೇಕೆಂದು ಊಹಿಸಬಹುದು. ಆದಕಾರಣ ಹಳೆಯ ಭೋಜನಶಾಲೆಗಳನ್ನು ಹೊಗಳುವಾಗ, ಆ ಪಂಕ್ತಿಯಲ್ಲಿ ಎಲೆ ಸಿಕ್ಕದವರನ್ನೂ ನೆನೆಯುವುದು ನಮ್ಮ ಕರ್ತವ್ಯ. ಎಲ್ಲರೂ ಕೂರಬಹುದಾದ ಮೇಜಿನ ಊಟವೇ ಈಗ ಒಳ್ಳೆಯ ಊಟ.

ಇನ್ನು ಕಾಲ್ಬಾದೇವಿ, ಭುಲೇಶ್ವರಗಳಿಗೆ ಬರೋಣ. ಬಟ್ಟೆಯ ಪೇಟೆ, ಬೆಳ್ಳಿ ಬಂಗಾರದ ಪೇಟೆ. ಗುಜರಾತು, ಕಾಠಿಯಾವಾಡ, ಮಾರವಾಡಗಳಿಂದ ಬಂದು ಗದ್ದುಗೆಗಳ ಮೇಲೆ ಲೆಕ್ಕ ಬರೆದ ಜನರಿಗಾಗಿ ಇಲ್ಲಿ ಭೋಜನಾಲಯಗಳು ಏರ್ಪಟ್ಟವು. ಅವುಗಳಲ್ಲಿ ಠಾಕರ್ ಭೋಜನಾಲಯವು 1945ರಿಂದ ನಡೆದುಬಂದದ್ದು. ಇಕ್ಕಟ್ಟಾದ ಓಣಿ, ಕಡಿದಾದ ಮೆಟ್ಟಲು. ಮೇಲೆ ಹತ್ತಿ ಕುಳಿತರೆ ತಟ್ಟೆಯ ಸುತ್ತ ಬಟ್ಟಲುಗಳ ಸಾಲು. ತುಪ್ಪ ಸವರಿದ ತೆಳುವಾದ ರೋಟಿ, ಸಿಹಿ ಬೆರೆತ ಬೇಳೆ, ಕಢಿ, ಎರಡು ಮೂರು ಪಲ್ಯ, ಒಂದು ಕರಿದದ್ದು, ಒಂದು ಸಿಹಿ. ಬೇಳೆಗೆ ಬೆಲ್ಲ ಹಾಕಿದ್ದಾರೆಂದು ನಮ್ಮವರು ಮೂಗು ಮುರಿಯುವುದುಂಟು. ಬಿಸಿಲು ಬೇಗೆಯ ನಾಡಿನಲ್ಲಿ ಬೆಳೆದ ಆ ಅಡಿಗೆಯಲ್ಲಿ ಹುಳಿ, ಖಾರ, ಸಿಹಿಗಳು ಒಂದನ್ನೊಂದು ತಡೆದು ನಿಲ್ಲಿಸುತ್ತವೆ. ಮೂರು ತುತ್ತು ಉಂಡ ಮೇಲೆ ಅದರ ನ್ಯಾಯ ತಿಳಿಯುತ್ತದೆ. ಇಲ್ಲಿ ಬಡಿಸುವವರಿಗೆ ಸಾಕು ಎಂಬ ಮಾತು ಸುಲಭವಾಗಿ ಕೇಳಿಸುವುದಿಲ್ಲ. ಮೊದಲನೆಯ ಸುತ್ತಿನಲ್ಲಿ ಕೈ ಹಿಡಿದಿಟ್ಟುಕೊಂಡವನೇ ಕೊನೆಯ ಮಜ್ಜಿಗೆಯನ್ನು ಸುಖವಾಗಿ ಕುಡಿದಾನು. ಬೇಸಗೆಯಲ್ಲಿ ಹೋದರೆ ಮಾವಿನ ರಸ, ಚಳಿಗಾಲದಲ್ಲಿ ಹೋದರೆ ಗೆಡ್ಡೆಗೆಣಸು ಅವರೆಗಳ ಉಂಧಿಯೂ ಎಂಬ ಪಲ್ಯ. ಋತುವನ್ನು ನೋಡಿ ಉಣ್ಣುವುದು ಎಲ್ಲ ಊರಿಗೂ ಸಲ್ಲುವ ನಿಯಮ.

ಮೀನು ಮಾಂಸಗಳನ್ನು ಉಣ್ಣುವವರಿಗೆ ಈ ಋತುನಿಯಮ ಇನ್ನೂ ಮುಖ್ಯ. ಗಿರ್ಗಾಂವ್, ದಾದರ್, ಪರೇಲ್‌ಗಳಲ್ಲಿರುವ ಮಾಲವಣಿ, ಗೋಮಾಂತಕ ಮನೆಗಳಲ್ಲಿ ತೆಂಗಿನಕಾಯಿಯ ಸಾರಿನ ಮೀನು, ಅಕ್ಕಿಯ ರೊಟ್ಟಿ, ಮುರುಗಲಹುಳಿಯ ಸೋಲ್‌ಕಢಿ ದೊರೆಯುತ್ತವೆ. ಕೊಂಕಣದ ಗಿರಣಿ ಕೆಲಸಗಾರರ ನಾಲಗೆಯೇ ಇವುಗಳ ಮೂಲ. ಆದರೆ ಜೂನ್ 1ರಿಂದ ಸುಮಾರು ಎರಡು ತಿಂಗಳು, ಮೀನುಗಳು ಮರಿಯಿಡುವ ಕಾಲವೆಂದು, ಯಂತ್ರದ ದೋಣಿಗಳು ಸಮುದ್ರಕ್ಕಿಳಿಯುವುದು ನಿಷಿದ್ಧ. ಆಗ ಎಲ್ಲ ಜಾತಿಯ ಹೊಸ ಮೀನೂ ಇದೆಯೆಂದು ಪಟ್ಟಿ ಹೇಳಿದರೆ, ಅದು ಮಂಜಿನ ಪೆಟ್ಟಿಗೆಯ ಮೀನೆಂದು ತಿಳಿಯತಕ್ಕದ್ದು. ಇಂದು ಬಂದದ್ದು ಇದೊಂದೇ ಎಂದು ಹೇಳುವ ಮಾಣಿಯೇ ನಂಬಿಕೆಗೆ ಯೋಗ್ಯ. ಹಾಗೆಯೇ ಮೊಹಮ್ಮದ್ ಅಲಿ ರಸ್ತೆಯಲ್ಲಿ ಮಿನಾರಾ ಮಸೀದಿಯ ಸುತ್ತಲಿನ ಒಲೆಗಳು ರಂಜಾನ್ ತಿಂಗಳಿನಲ್ಲಿ ಸೂರ್ಯಾಸ್ತದ ಮೇಲೆ ಎಚ್ಚರಗೊಳ್ಳುತ್ತವೆ. ಹಗಲೆಲ್ಲ ಉಪವಾಸವಿದ್ದವರಿಗಾಗಿ ಬೆಂದ ಆಹಾರ ಅದು. ಅವರು ಉಪವಾಸ ಮುರಿದು ಕುಳಿತ ಮೇಲೆ ನಾವು ಹೋಗುವುದು ಸೌಜನ್ಯ.

ಈಗ ಕನ್ನಡಿಗರಿಗೆ ಹತ್ತಿರವಾದ ಮಾಟುಂಗಾ. 1896ರಲ್ಲಿ ಪ್ಲೇಗು ಬಂದ ಮೇಲೆ, ಇಕ್ಕಟ್ಟಾದ ನಗರವನ್ನು ಬಿಡಿಸಿ ಹರಡಬೇಕೆಂದು 1898ರಲ್ಲಿ ಏರ್ಪಟ್ಟ ನಗರ ಸುಧಾರಣಾ ಮಂಡಲಿ ದಾದರ್, ಮಾಟುಂಗಾಗಳಲ್ಲಿ ಅಗಲವಾದ ಬೀದಿಗಳ ಬಡಾವಣೆಗಳನ್ನು ಹಾಕಿತು. ರೈಲ್ವೆಯಲ್ಲಿಯೂ ವ್ಯಾಪಾರದ ಕಂಪೆನಿಗಳಲ್ಲಿಯೂ ಗುಮಾಸ್ತರಾಗಿ, ಶೀಘ್ರಲಿಪಿಕಾರರಾಗಿ ಬಂದ ದಕ್ಷಿಣದವರು ಇಲ್ಲಿ ನೆಲಸಿದರು. ನಮ್ಮವರ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿ ಇಲ್ಲಿಯೇ ನೆಲೆಗೊಂಡಿತು. ಇವರಿಗೆ ಅನ್ನ, ಸಾರು, ಮಜ್ಜಿಗೆ ಬೇಕು. ಅದನ್ನು ಕೊಟ್ಟವರು ದಕ್ಷಿಣಕನ್ನಡದಿಂದ ಬಂದವರು. ಹತ್ತು ಹನ್ನೆರಡು ವರ್ಷದ ಹುಡುಗರು ಕರಾವಳಿಯ ಹಳ್ಳಿಗಳಿಂದ ಬಂದು, ಹಗಲು ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು, ಹೋಟಲಿನ ಬೆಂಚಿನ ಮೇಲೆಯೇ ಮಲಗಿ ಬೆಳೆದರು. ಅಂಥವರಲ್ಲಿ ಎ. ರಾಮನಾಯಕರು ಒಬ್ಬರು. ಚಿಕ್ಕಂದಿನಲ್ಲಿಯೇ ಮುಂಬಯಿಗೆ ಬಂದು ಹೋಟಲುಗಳಲ್ಲಿ ದುಡಿದ ಅವರು, 1942ರಲ್ಲಿ ಮಾಟುಂಗಾ ಸ್ಟೇಷನ್ನಿನ ಪಕ್ಕದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಸ್ಥಾಪಿಸಿದರು. ಅದರ ಹೆಸರಿನಲ್ಲಿರುವ ಬೋರ್ಡಿಂಗ್ ಎಂಬ ಮಾತೇ ನಮ್ಮ ಪ್ರಶ್ನೆಗೆ ಉತ್ತರ: ಅದು ಬಂದುಹೋಗುವವರಿಗಾಗಿ ಅಲ್ಲ, ಇದ್ದು ಉಣ್ಣುವವರಿಗಾಗಿ ಹುಟ್ಟಿದ ಮನೆ. ಅದೇ ಪೇಟೆಯಲ್ಲಿ 1939ರ ರಾಮಾಶ್ರಯ, 1940ರ ಕೆಫೆ ಮದ್ರಾಸ್ ಮೊದಲಾದ ಉಪಾಹಾರಗೃಹಗಳೂ ಇವೆ. ಬೆಳಗ್ಗೆ ಅವುಗಳ ಮುಂದೆ ಜನರು ಸಾಲಾಗಿ ನಿಲ್ಲುವುದನ್ನು ಕಾಣಬಹುದು.

ಮಾಟುಂಗಾದಲ್ಲಿ ಮೈಸೂರಿನವರಿಗೆ ಒಂದು ಎಚ್ಚರಿಕೆ ಹೇಳಬೇಕು. ಅಲ್ಲಿನ ಪಟ್ಟಿಯಲ್ಲಿ ಮೈಸೂರು ಮಸಾಲೆ ದೋಸೆ ಎಂಬ ಹೆಸರನ್ನು ಕಂಡು, ಊರಿನ ನೆನಪಿನಿಂದ ಅದನ್ನು ತರಿಸುತ್ತಾರೆ. ಬರುವುದು ಬೇರೆಯೇ ಒಂದು ವಸ್ತು: ಒಳಗೆ ಖಾರವಾದ ಕೆಂಪು ಚಟ್ನಿ ಧಾರಾಳವಾಗಿ ಬಳಿದಿರುತ್ತದೆ, ಕೆಲವೆಡೆ ಪಲ್ಯದಲ್ಲಿ ಬೀಟ್‌ರೂಟೂ ಸೇರಿರುತ್ತದೆ. ಇದು ಮೈಸೂರಿನದಲ್ಲವೆಂದು ಮಾಣಿಯೊಡನೆ ವಾದಕ್ಕೆ ನಿಲ್ಲುವುದು ವ್ಯರ್ಥ. ಅದು ಮುಂಬಯಿಯ ಮೈಸೂರು. ಅದಕ್ಕೂ ತನ್ನದೇ ವಯಸ್ಸು, ತನ್ನದೇ ಅಭಿಮಾನಿಗಳು ಉಂಟು. ಇದರಿಂದ ಕಲಿಯತಕ್ಕದ್ದು ಇಷ್ಟೇ. ಹೊರಗೆ ಹೋದಾಗ ನಮ್ಮ ಮನೆಯನ್ನೇ ಹುಡುಕುತ್ತ ಹೋದರೆ ಮನೆಯೂ ಸಿಕ್ಕುವುದಿಲ್ಲ, ಹೊರಗೂ ಕಾಣುವುದಿಲ್ಲ. ನಾಲ್ಕು ದಿನದಲ್ಲಿ ಒಂದು ಊಟ ನಮ್ಮವರ ಪಂಕ್ತಿಯಲ್ಲಿ ಆಗಲಿ. ಅದು ದೇಹಕ್ಕೆ ಸಮಾಧಾನ. ಉಳಿದವು ಇತರರ ಪಂಕ್ತಿಯಲ್ಲಿ ಆಗಲಿ. ಅದು ಬುದ್ಧಿಗೆ ಸಮಾಧಾನ.

ಬೀದಿಯ ಒಲೆಯನ್ನೂ ಕಡೆಗಣಿಸುವಂತಿಲ್ಲ. ವಡಾಪಾವು ಎಂಬುದು ಈಗ ಮುಂಬಯಿಯ ಗುರುತೇ ಆಗಿದೆ. 1966ರಲ್ಲಿ ದಾದರ್ ಸ್ಟೇಷನ್ನಿನ ಹೊರಗೆ ಅಶೋಕ ವೈದ್ಯ ಎಂಬುವರು ಇದನ್ನು ಮಾರಲಾರಂಭಿಸಿದರೆಂಬುದು ಪ್ರಸಿದ್ಧವಾದ ಮಾತು. ಗಿರಣಿಗೆ ಓಡುವವನು ನಿಂತಲ್ಲೇ ತಿಂದು ಕೈ ಒರೆಸಿಕೊಂಡು ರೈಲು ಹತ್ತುವಂಥ ಆಹಾರ ಅದು. ಪಾವು ಪೋರ್ಚುಗೀಸರಿಂದ ಬಂದ ರೊಟ್ಟಿ, ಹೆಸರೂ ಅವರದೇ. ಒಳಗಿನ ಆಲೂಗೆಡ್ಡೆಯೂ ಮೆಣಸಿನಕಾಯಿಯೂ ಸಮುದ್ರದಾಚೆಯಿಂದ ಬಂದವು. ವಲಸೆ ಬಂದ ವಸ್ತುಗಳೆಲ್ಲ ಸೇರಿ ವಲಸೆ ಬಂದ ಜನರಿಗೆ ಅನ್ನವಾದವು. ಸ್ಟೇಷನ್ನಿನ ಹೊರಗಿನ ಬಾಗಿಲನ್ನು ನಂಬಬಾರದೆಂದು ಮೊದಲು ಹೇಳಿ, ಈಗ ಸ್ಟೇಷನ್ನಿನ ಹೊರಗಿನ ವಡೆಯನ್ನು ಹೊಗಳುವುದು ವಿರೋಧವೆಂದು ತೋರಬಹುದು. ವಿರೋಧವಿಲ್ಲ. ದೂರದ ರೈಲಿನಿಂದ ಇಳಿದವನಿಗಾಗಿ ಇರುವ ಹೋಟಲು ಬೇರೆ, ದಿನವೂ ಅದೇ ರೈಲಿಗೆ ಹತ್ತುವವನಿಗಾಗಿ ಇರುವ ಗಾಡಿ ಬೇರೆ. ಎಣ್ಣೆಯಿಂದ ಈಗತಾನೆ ಎತ್ತಿದ ವಡೆಯನ್ನು ಮಾತ್ರ ತಿನ್ನಬೇಕು. ತಟ್ಟೆಯಲ್ಲಿ ಆರಿ ಕುಳಿತದ್ದನ್ನು ಬಿಡಬೇಕು.

ಇಷ್ಟು ನಿದರ್ಶನಗಳ ಮೇಲೆ, ಯಾವ ಊರಿಗೂ ಸಲ್ಲುವ ಕೆಲವು ನಿಯಮಗಳನ್ನು ಸಂಗ್ರಹಿಸಿ ಹೇಳಬಹುದು. ಮೊದಲನೆಯದು, ಕೇಳುವ ಕ್ರಮ. “ಇಲ್ಲಿ ಒಳ್ಳೆಯ ಹೋಟಲು ಯಾವುದು?” ಎಂದು ಕೇಳಿದರೆ, ಅತಿಥಿಯ ಮರ್ಯಾದೆಗೆ ತಕ್ಕದ್ದೆಂದು ದುಬಾರಿಯ ಹೆಸರನ್ನು ಹೇಳುತ್ತಾರೆ. “ತಾವು ದಿನವೂ ಎಲ್ಲಿ ಊಟ ಮಾಡುತ್ತೀರಿ?” ಎಂದು ಕೇಳಿದರೆ ನಿಜ ಹೊರಬರುತ್ತದೆ. ಕೇಳತಕ್ಕವರು ಪುಸ್ತಕದ ಅಂಗಡಿಯವರು, ಬ್ಯಾಂಕಿನ ಗುಮಾಸ್ತರು, ಅಂಚೆಯವರು, ಟ್ಯಾಕ್ಸಿಯವರು; ಎಂದರೆ ಬೇರೊಬ್ಬರ ಹೋಟಲಿಗೆ ನಮ್ಮನ್ನು ಕಳುಹಿಸಿದರೆ ತಮಗೆ ಏನೂ ಬಾರದವರು. ಟ್ಯಾಕ್ಸಿಯವರನ್ನು ಕೂಡ, ಎಲ್ಲಿಗೆ ಕರೆದೊಯ್ಯುತ್ತೀರಿ ಎಂದು ಕೇಳಬಾರದು, ಎಲ್ಲಿ ಉಣ್ಣುತ್ತೀರಿ ಎಂದೇ ಕೇಳಬೇಕು. ಎರಡನೆಯದು, ಪಟ್ಟಿಯ ಉದ್ದ. ಇಡ್ಲಿಯೂ ಪಂಜಾಬಿಯೂ ಚೀನಿಯೂ ಒಂದೇ ಹಲಗೆಯಲ್ಲಿದ್ದರೆ, ಒಂದೇ ಅಡಿಗೆಮನೆಯಲ್ಲಿ ಅಷ್ಟೂ ಹೊಸದಾಗಿ ಬೇಯುವುದು ಅಸಂಭವ. ಪಟ್ಟಿ ಚಿಕ್ಕದಾದಷ್ಟೂ ಅಡಿಗೆ ಹೊಸದು. ಮೂರನೆಯದು, ಹೊತ್ತು. ವರ್ತನೆಯವರು ಉಣ್ಣುವ ಹೊತ್ತಿಗೆ ಸ್ವಲ್ಪ ಮುಂಚೆ ಹೋಗಬೇಕು. ಆಗ ಅನ್ನ ಬಿಸಿಯಾಗಿರುತ್ತದೆ, ಬಡಿಸುವವನಿಗೂ ಎರಡು ಮಾತಾಡುವಷ್ಟು ಬಿಡುವಿರುತ್ತದೆ.

ನಾಲ್ಕನೆಯದು, ಆರೋಗ್ಯ. ಕುಡಿಯುವ ನೀರು, ಹಸಿಯ ಚಟ್ನಿ, ಹೆಚ್ಚಿಟ್ಟ ಹಣ್ಣು, ಬೀದಿಯ ಮಂಜುಗಡ್ಡೆ, ಈ ನಾಲ್ಕರ ವಿಷಯದಲ್ಲಿ ಹೊಸಬನು ಎಚ್ಚರವಾಗಿರಬೇಕು. ಹೊಗೆಯಾಡುವಷ್ಟು ಬಿಸಿಯಾದ ಆಹಾರದಿಂದ ಅಪಾಯ ಕಡಮೆ. 2006ರ ಆಹಾರ ಸುರಕ್ಷಾ ಕಾನೂನಿನಂತೆ ಕೊಡುವ 14 ಅಂಕಿಗಳ ಪರವಾನಗಿ ಸಂಖ್ಯೆ ಗೋಡೆಯ ಮೇಲೆ ಇದೆಯೇ ಎಂದು ನೋಡಬಹುದು. ಅದಕ್ಕಿಂತ ಸುಲಭವಾದ ಪರೀಕ್ಷೆ, ಊಟಕ್ಕೆ ಕೂರುವ ಮೊದಲು ಕೈ ತೊಳೆಯುವ ಸ್ಥಳವನ್ನು ನೋಡುವುದು. ಗಿರಾಕಿಗಳ ಕಣ್ಣಿಗೆ ಬೀಳುವ ಆ ಜಾಗವನ್ನೇ ಶುಚಿಯಾಗಿಡದವರು, ಕಣ್ಣಿಗೆ ಬೀಳದ ಅಡಿಗೆಮನೆಯನ್ನು ಶುಚಿಯಾಗಿಟ್ಟಿರಲಾರರು. ಮೊದಲನೆಯ ದಿನ ಅರ್ಧ ಹೊಟ್ಟೆ ಉಂಡು, ಹೊಸ ನೀರು ಹೊಸ ಎಣ್ಣೆಗಳಿಗೆ ದೇಹ ಒಗ್ಗಿದ ಮೇಲೆ ಧೈರ್ಯ ಮಾಡುವುದು ವಿವೇಕ.

ಐದನೆಯದು, ನಮ್ಮ ನಡತೆ. ವರ್ತನೆಯವರ ಪಂಕ್ತಿಗೆ ಹೋದ ಮೇಲೆ ಅವರ ರೀತಿಯನ್ನು ಅನುಸರಿಸಬೇಕು. ಅಪರಿಚಿತರು ಎದುರಿಗೆ ಕುಳಿತರೆ ಮುಖ ಗಂಟಿಕ್ಕಬಾರದು. ಹನ್ನೆರಡೂವರೆಯಿಂದ ಎರಡರವರೆಗೆ, ಉಂಡಾದ ಮೇಲೆ ಮೇಜು ಹಿಡಿದು ಹರಟೆ ಕೊಚ್ಚಬಾರದು. ಆಫೀಸಿನವನಿಗೆ ಇರುವುದು ಅರ್ಧ ಘಂಟೆ ಮಾತ್ರ. ಎಲೆಯಲ್ಲಿ ಬಿಡಬಾರದು. ಮಾಣಿಯನ್ನು ಚಿಟಿಕೆ ಹೊಡೆದು ಕರೆಯದೆ ಹೆಸರು ಕೇಳಿ ಕರೆದರೆ, ಆ ದಿನದ ಒಳ್ಳೆಯ ಪದಾರ್ಥ ಯಾವುದೆಂದು ಅವನೇ ಹೇಳುತ್ತಾನೆ. ಅವನೂ ಯಾವುದೋ ಊರನ್ನು ಬಿಟ್ಟು ಬಂದವನೇ.

ಈ ಸೂತ್ರ ಮುಂಬಯಿಗೆ ಮಾತ್ರ ಸಲ್ಲುವುದಲ್ಲ. ಕಲ್ಕತ್ತೆಯಲ್ಲಿ ವಿದ್ಯಾರ್ಥಿಗಳಿಗೂ ಗುಮಾಸ್ತರಿಗೂ ಅಗ್ಗದ ಅನ್ನ ಮೀನು ಕೊಟ್ಟ ಪೈಸ್ ಹೋಟಲುಗಳಿವೆ. ಮದರಾಸಿನ ತಿರುವಲ್ಲಿಕೇಣಿಯಲ್ಲಿ ಬ್ರಹ್ಮಚಾರಿಗಳಿಗಾಗಿ ಹುಟ್ಟಿದ ಮೆಸ್ಸುಗಳಿವೆ. ನಮ್ಮ ಬೆಂಗಳೂರಿನ ಗಾಂಧಿನಗರದಲ್ಲಿ ಉತ್ತರಕರ್ನಾಟಕದಿಂದ ಕೆಲಸಕಾರ್ಯಗಳಿಗೆ ಬಂದವರಿಗಾಗಿ ಜೋಳದ ರೊಟ್ಟಿ ಬಡಿಯುವ ಖಾನಾವಳಿಗಳಿವೆ. ಪ್ರತಿಯೊಂದು ಕಡೆಯಲ್ಲಿಯೂ ಪ್ರಶ್ನೆ ಒಂದೇ: ಒಲೆ ಯಾರಿಗಾಗಿ ಹೊತ್ತಿತು, ಅವರು ಇನ್ನೂ ಬರುತ್ತಿದ್ದಾರೆಯೇ?

ಈ ಪ್ರಶ್ನೆಯ ಎರಡನೆಯ ಭಾಗವೇ ಕಠಿನವಾದದ್ದು. 1982ರ ಜನವರಿಯಲ್ಲಿ ಮುಂಬಯಿಯ ಸುಮಾರು 2.5 ಲಕ್ಷ ಗಿರಣಿ ಕೆಲಸಗಾರರು ದತ್ತಾ ಸಾಮಂತರ ನಾಯಕತ್ವದಲ್ಲಿ ಮುಷ್ಕರ ಹೂಡಿದರು. ಮುಷ್ಕರ ಸೋತಿತು, ಕೆಲಸಗಾರರು ಚದುರಿದರು, ಅನೇಕ ಗಿರಣಿಗಳು ಮತ್ತೆ ಮೊದಲಿನಂತೆ ನಡೆಯಲೇ ಇಲ್ಲ. ಉಣ್ಣುವವರು ಹೋದ ಮೇಲೆ ಖಾನಾವಳಿಯ ಒಲೆಗಳೂ ಒಂದೊಂದಾಗಿ ಆರಿದವು. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ಅಂಗಳದಲ್ಲಿ ಈಗ ದೊಡ್ಡ ಮಳಿಗೆಗಳೂ ಬೆಲೆಯ ಭೋಜನಶಾಲೆಗಳೂ ಇವೆ. ಅಲ್ಲಿ ಅಡಿಗೆ ಕೆಟ್ಟದೆಂದು ಹೇಳುವಂತಿಲ್ಲ. ಆದರೆ ಅದೇ ನೆಲದಲ್ಲಿ ಹಗಲಿರುಳು ದುಡಿದವನು ಆ ಮೇಜಿನಲ್ಲಿ ಕುಳಿತು ಉಣ್ಣಲಾರ. ನಗರವು ಯಾರಿಗಾಗಿ ಒಲೆ ಹೊತ್ತಿಸುತ್ತದೆಯೋ ಅವರನ್ನು ತನ್ನವರೆಂದು ಎಣಿಸುತ್ತದೆ. ಒಲೆ ಆರಿದ ಪೇಟೆಯಲ್ಲಿ ಯಾರು ಅಲ್ಲಿಗೆ ಬೇಡವಾದರೆಂಬುದು ತಿಳಿಯುತ್ತದೆ.

ಪ್ರಯಾಣಿಕನು ಇದನ್ನು ಸರಿಪಡಿಸಲಾರನು. ನಾಲ್ಕು ದಿನದ ಅತಿಥಿಯಿಂದ ಅಷ್ಟನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಆದರೆ ತನ್ನ ನಾಲ್ಕು ಊಟದ ಹಣವನ್ನು ಯಾವ ಒಲೆಗೆ ಕೊಡಬೇಕೆಂಬುದು ಅವನ ಕೈಯಲ್ಲಿದೆ. ಕೆಲಸಗಾರರೂ ಗುಮಾಸ್ತರೂ ಇನ್ನೂ ಎದುರುಬದುರಾಗಿ ಕುಳಿತು ಉಣ್ಣುವ ಮನೆಯನ್ನು ಹುಡುಕಿ ಅವನು ಅಲ್ಲಿ ಉಂಡರೆ, ಅವನಿಗೆ ಒಳ್ಳೆಯ ಊಟ ದೊರೆಯುತ್ತದೆ. ಆ ಒಲೆಗೂ ಒಂದು ಕೊಳ್ಳಿ ಸೌದೆ ಸೇರಿದಂತಾಗುತ್ತದೆ. ಊರಿಗೆ ಹಿಂದಿರುಗಿದಾಗ ಮನೆಯವರು, “ಮುಂಬಯಿಯಲ್ಲಿ ಏನೇನು ನೋಡಿದಿರಿ?” ಎಂದು ಕೇಳುವುದು ವಾಡಿಕೆ. “ಯಾರ ಜೊತೆಯಲ್ಲಿ ಉಂಡಿರಿ?” ಎಂದು ಯಾರಾದರೂ ಕೇಳಿದಾಗಲೂ ಹೇಳುವುದಕ್ಕೆ ಏನಾದರೂ ಇದ್ದರೆ, ಆ ಪ್ರಯಾಣ ಸಾರ್ಥಕವಾಯಿತೆಂದು ತಿಳಿಯಬಹುದು.